ಬೀಗದ ಕೈ ಗೊಂಚಲಿನ ಸದ್ದು

ಮಾರ್ಚ್ 6

ಅಣ್ಣಾ,

ನಾನು ಕ್ಷೇಮ. ನೀವೆಲ್ಲರೂ ಕ್ಷೇಮ ಎಂದುಕೊಂಡಿರಬೇಕಷ್ಟೆ, ಯಾಕೆಂದರೆ ನೀನು ಕಾಗದ ಬರೆದು ಐದು ವಾರವಾಯಿತು. ದ್ವೀಪಕ್ಕೆ ಟಪಾಲು ದೋಣಿ ಬರುವುದು ಶುಕ್ರವಾರ ಮಾತ್ರ. ಇಲ್ಲಿ ಫೋನಿಲ್ಲ. ಇರುವ ಒಂದೇ ವೈರ್‌ಲೆಸ್ ಮೇಲೆ ‘ಪ್ರಾಣಾಪಾಯವಿದ್ದರೆ ಮಾತ್ರ’ ಎಂದು ಬರೆದು ಅಂಟಿಸಿದ್ದಾರೆ. ಅಣ್ಣ ಕಾಗದ ಬರೆಯಲಿಲ್ಲ ಎಂಬುದು ಪ್ರಾಣಾಪಾಯದ ಲೆಕ್ಕಕ್ಕೆ ಬರುವುದಿಲ್ಲವಂತೆ, ಕೇಳಿ ನೋಡಿದೆ.

ಈ ಪಕ್ಷಿ ಕೇಂದ್ರದಲ್ಲಿ ಈಗ ಮರಿಗಳ ಕಾಲ. ‘ಸಂಶೋಧನಾ ಸಹಾಯಕಿ’ ಎಂದರೆ ಬಿಳಿ ಕೋಟು ಹಾಕಿಕೊಂಡು ಗಂಭೀರವಾಗಿ ಓಡಾಡುವುದು ಎಂದುಕೊಂಡು ಕೆಲಸಕ್ಕೆ ಸೇರಿದ್ದೆ. ಈಗ ಗೊತ್ತಾಗಿದೆ, ನಾನು ಹದಿನಾರು ಬಾತುಮರಿಗಳ ತಾಯಿ. ಮೊಟ್ಟೆಯೊಡೆದು ಹೊರಬಂದ ಮರಿ ಮೊದಲ ಒಂದು ದಿನದೊಳಗೆ ಕಣ್ಣೆದುರು ಏನು ಚಲಿಸುತ್ತದೋ ಅದನ್ನೇ ತಾಯಿಯೆಂದು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳುತ್ತದೆ. ಅದು ಬಾತುಕೋಳಿಯೇ ಆಗಬೇಕೆಂದಿಲ್ಲ. ಹೋದ ವರ್ಷದ ತಂಡವೊಂದು ನೆಲ ಒರೆಸುವ ಬಕೆಟ್ಟಿನ ಹಿಂದೆ ಹೋಗುತ್ತಿತ್ತು. ಈ ವರ್ಷದವಕ್ಕೆ ನನ್ನ ಹಸಿರು ರಬ್ಬರ್ ಬೂಟುಗಳೇ ತಾಯಿ. ಆ ಒಂದು ದಿನ ಕಳೆದರೆ ಬಾಗಿಲು ಮುಚ್ಚಿದ ಹಾಗೆ, ಆಮೇಲೆ ನೀನು ತಲೆಕೆಳಗಾಗಿ ನಿಂತರೂ ಮರಿ ತಿರುಗಿ ನೋಡುವುದಿಲ್ಲ ಎಂದು ನಮ್ಮ ದೊಡ್ಡ ಮೇಡಂ ಹೇಳುತ್ತಾರೆ.

ಮಗು ಹೇಗಿದ್ದಾಳೆ? ಅನಾಥ ಮಕ್ಕಳ ಮನೆಯಿಂದ ನೀವು ಕರೆದುಕೊಂಡು ಬಂದ ಮೇಲೆ ಒಂದು ಫೋಟೋ ಕೂಡ ಕಳಿಸಿಲ್ಲ. ಅತ್ತಿಗೆಗೆ ನಮಸ್ಕಾರ ಹೇಳು.

ನಿನ್ನ ಗುಬ್ಬಿ


ಮಾರ್ಚ್ 16

ಗುಬ್ಬಿ,

ಎಲ್ಲ ಚೆನ್ನಾಗಿದೆ. ಡಿಪೋದಲ್ಲಿ ಎರಡು ಬಸ್ಸು ಗೇರ್‌ಬಾಕ್ಸ್ ಬಿಚ್ಚಿಕೊಂಡು ಕೂತಿವೆ. ಟೂಲ್ ರೂಮಿನ ಬೀಗದ ಕೈಗಳನ್ನೂ ನನಗೇ ಅಂಟಿಸಿದ್ದಾರೆ. ಸೊಂಟಕ್ಕೆ ಗೊಂಚಲು ಸಿಕ್ಕಿಸಿಕೊಂಡು ಝಣಝಣ ಎಂದು ಓಡಾಡುತ್ತಿದ್ದೇನೆ.

ಮಗು ಚೆನ್ನಾಗಿದ್ದಾಳೆ. ಬಂದು ಮೂರೂವರೆ ತಿಂಗಳಾಯಿತು. ನಿನ್ನ ಅತ್ತಿಗೆ ಅವಳನ್ನು ಅಜ್ಜಮ್ಮ ಎಂದು ಕರೆಯುತ್ತಾಳೆ. ಐದು ತುಂಬಿಲ್ಲ, ಎದ್ದ ಕೂಡಲೇ ಹೊದಿಕೆ ಮಡಚಿಡುತ್ತಾಳೆ, ಚಪ್ಪಲಿ ಜೋಡಿಸುತ್ತಾಳೆ, ತಟ್ಟೆ ತಾನೇ ತೊಳೆಯುತ್ತಾಳೆ. ಏನು ಕೇಳಿದರೂ ಒಂದೇ ಉತ್ತರ, “ಪರವಾಗಿಲ್ಲ.” ಮೊನ್ನೆ ಅಂಗಳದಲ್ಲಿ ಬಿದ್ದು ಮಂಡಿ ತರಚಿ ರಕ್ತ ಬಂತು. ಎತ್ತಿಕೊಳ್ಳಲು ಓಡಿದೆ. “ಪರವಾಗಿಲ್ಲ” ಎಂದು ನನ್ನನ್ನು ತಪ್ಪಿಸಿಕೊಂಡು ನಲ್ಲಿಯ ಹತ್ತಿರ ಹೋಗಿ ತಾನೇ ತೊಳೆದುಕೊಂಡಳು. ಎಷ್ಟು ಜಾಣೆ ನೋಡು.

ಸುಮ್ಮನೆ ಕೇಳುತ್ತೇನೆ. ಮರಿಗಳು ನಿನ್ನ ಹಿಂದೆ ಬರಬೇಕಾದರೆ ನೀನು ಹೇಗೆ ನಡೆಯುತ್ತೀಯ? ಬೇಗವೋ, ನಿಧಾನವೋ? ಏನಾದರೂ ಸದ್ದು ಮಾಡುತ್ತೀಯಾ? ಮತ್ತೆ ಆ ಮೊದಲ ದಿನ ತಪ್ಪಿಹೋದ ಮರಿಯನ್ನು ಏನು ಮಾಡುತ್ತೀರಿ? ಡಿಪೋದಲ್ಲಿ ಹುಡುಗರಿಗೆ ನಿನ್ನ ಬೂಟಿನ ಕಥೆ ಹೇಳಿದೆ, ಅವರು ಕೇಳಿದರು, ಅದಕ್ಕೆ.

ಅಣ್ಣ


ಮಾರ್ಚ್ 27

ಅಣ್ಣಾ,

ನನ್ನ ಕೆಲಸದ ಬಗ್ಗೆ ನೀನು ಪ್ರಶ್ನೆ ಕೇಳಿದ್ದು ಇದೇ ಮೊದಲು. ಕುಣಿದಾಡುವಷ್ಟು ಸಂತೋಷವಾಯಿತು. ನಿಮ್ಮ ಡಿಪೋದ ಹುಡುಗರು ಬುದ್ಧಿವಂತರು ಎಂದು ಹೇಳು.

ನಿಧಾನವಾಗಿ ನಡೆಯಬೇಕು. ದಿನವೂ ಒಂದೇ ಬಟ್ಟೆ, ಒಂದೇ ದಾರಿ, ಒಂದೇ ಸದ್ದು. ನಾನು ತಗಡಿನ ಡಬ್ಬಿಯಲ್ಲಿ ಕಾಳು ಹಾಕಿ ಅಲ್ಲಾಡಿಸುತ್ತೇನೆ. ಮುಖ್ಯವಾದದ್ದು, ತಿರುಗಿ ನೋಡಬಾರದು. ನಿಂತು ಕರೆಯಲೂಬಾರದು. ದೂರ ಹೋಗುತ್ತಿರುವುದರ ಹಿಂದೆಯೇ ಮರಿ ಬರುತ್ತದೆ.

ಮೊದಲ ದಿನ ತಪ್ಪಿದ ಮರಿ ಯಾರ ಹಿಂದೆಯೂ ಹೋಗುವುದಿಲ್ಲ. ಎಲ್ಲದಕ್ಕೂ ಹೆದರಿ ಮೂಲೆ ಸೇರುತ್ತದೆ. ಅಂಥವನ್ನು ನಾವು ಪಟ್ಟಿಯಿಂದ ತೆಗೆದುಬಿಡುತ್ತೇವೆ. ಈ ಸಲ ಹದಿನೇಳು ಮೊಟ್ಟೆ ಇಟ್ಟಿದ್ದೆವು. ಹದಿನೇಳನೆಯದರದ್ದು ಬೇರೆ ಕಥೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಅಜ್ಜಮ್ಮನ ವಿಷಯ ಓದಿ ನಗು ಬಂತು. ಇಂಥ ಮಗು ಸಿಕ್ಕಿದ್ದು ನಿಮ್ಮ ಪುಣ್ಯ. ಯಾವ ರಗಳೆಯೂ ಇಲ್ಲ.

ಗುಬ್ಬಿ


ಏಪ್ರಿಲ್ 9

ಗುಬ್ಬಿ,

ಡಿಪೋದ ಹುಡುಗರು ಏನೂ ಕೇಳಿರಲಿಲ್ಲ. ಕೇಳಿದವನು ನಾನು.

ನೀನು ಬರೆದದ್ದನ್ನೆಲ್ಲ ಮಾಡಿದೆ. ಹನ್ನೊಂದು ದಿನದಿಂದ ಸಂಜೆ ಆರೂವರೆಗೆ ಡಿಪೋದಿಂದ ಬಂದವನು ಅದೇ ನೀಲಿ ಕೋಟಿನಲ್ಲಿ, ಅದೇ ಬೂಟಿನಲ್ಲಿ, ಬೀಗದ ಕೈ ಗೊಂಚಲು ಅಲ್ಲಾಡಿಸುತ್ತಾ ಮನೆಯ ಸುತ್ತ ಮೂರು ಸುತ್ತು ಹಾಕುತ್ತಿದ್ದೇನೆ. ನಿಧಾನವಾಗಿ, ತಿರುಗಿ ನೋಡದೆ. ಪಕ್ಕದ ಮನೆಯ ಗಡಿಯಾರದಂಗಡಿಯವರು ಎರಡನೆಯ ದಿನವೇ ಕಿಟಕಿ ತೆರೆದು, “ಏನಾದ್ರೂ ಕಳ್ಕೊಂಡ್ರಾ?” ಎಂದು ಕೇಳಿದರು. ಐದನೆಯ ದಿನ ನನ್ನ ಹಿಂದೆ ಹೆಜ್ಜೆ ಸದ್ದು ಕೇಳಿಸಿತು. ತಿರುಗಬಾರದು ಎಂದು ಹಲ್ಲು ಕಚ್ಚಿಕೊಂಡು ಪೂರಾ ಸುತ್ತು ಮುಗಿಸಿ ನೋಡಿದರೆ ಬೀದಿನಾಯಿ. ಅದು ಈಗ ದಿನವೂ ಬರುತ್ತದೆ.

ಅಜ್ಜಮ್ಮ ಮುಂಬಾಗಿಲ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಏಳುವುದಿಲ್ಲ. ಒಂದು ಹೆಜ್ಜೆಯೂ ನನ್ನ ಹಿಂದೆ ಬಂದವಳಲ್ಲ. ಮೂರನೆಯ ಸುತ್ತು ಮುಗಿಸಿ ಬಂದು ನಿಂತರೆ ನನ್ನನ್ನು ನೋಡಿ, ಸಮಾಧಾನ ಹೇಳುವವಳ ಹಾಗೆ “ಪರವಾಗಿಲ್ಲ” ಎಂದು ಒಳಗೆ ಹೋಗುತ್ತಾಳೆ.

ಜಾಣೆ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಆ ಮಗು ನಮ್ಮ ಮನೆಯಲ್ಲಿ ಬಸ್ ನಿಲ್ದಾಣದಲ್ಲಿ ಕೂತ ಹಾಗೆ ಕೂತಿದ್ದಾಳೆ. ಅದಕ್ಕೆ ನನಗೆ ರಾತ್ರಿ ಊಟ ಸೇರುವುದಿಲ್ಲ.

ನಿನಗೆ ಹೇಳದ ಇನ್ನೊಂದು ವಿಷಯವಿದೆ. ಮಕ್ಕಳ ಮನೆಯವರು ಅವಳನ್ನು ಕೊಟ್ಟದ್ದು ಐದು ತಿಂಗಳ ಮಟ್ಟಿಗೆ. ಏಪ್ರಿಲ್ ಮೂವತ್ತಕ್ಕೆ ಅಲ್ಲಿನ ಮೇಡಂ ಬರುತ್ತಾರೆ. ಮಗುವನ್ನು ಕೊಟ್ಟ ದಿನವೇ ಕೊಟ್ಟ ಫಾರಂ ನಿನ್ನ ಅತ್ತಿಗೆಯ ಹತ್ತಿರವಿದೆ, ಎಡಗಡೆಯ ಚೌಕ ‘ಇಟ್ಟುಕೊಳ್ಳುತ್ತೇವೆ’, ಬಲಗಡೆಯದು ‘ಹಿಂದಿರುಗಿಸುತ್ತೇವೆ’, ಒಂದರಲ್ಲಿ ಇಬ್ಬರೂ ಸಹಿ ಹಾಕಬೇಕು. ಆಗಲೇ ಎರಡು ಮಕ್ಕಳಿರುವ ಇನ್ನೊಂದು ಮನೆಯವರು ಹೆಣ್ಣುಮಗು ಕೇಳಿದ್ದಾರಂತೆ. ಮಕ್ಕಳನ್ನು ಸಾಕಿ ಗೊತ್ತಿರುವವರು. ನನಗೆ ಬಸ್ಸು ರಿಪೇರಿ ಬಿಟ್ಟು ಬೇರೇನೂ ಗೊತ್ತಿಲ್ಲ. ನೀನೇ ಬರೆದೆಯಲ್ಲ, ಒಂದು ದಿನ ಕಳೆದರೆ ಬಾಗಿಲು ಮುಚ್ಚಿದ ಹಾಗೆ ಎಂದು. ಇವಳದು ಮುಚ್ಚಿ ನಾಲ್ಕು ವರ್ಷ ಒಂಬತ್ತು ತಿಂಗಳಾಯಿತು.

ನಿನ್ನ ಅತ್ತಿಗೆಯ ಅಭಿಪ್ರಾಯ ಕೇಳಿದರೆ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, “ನೀವು ಮೊದ್ಲು ಸುತ್ತೋದು ನಿಲ್ಸಿ, ನನಗೆ ತಲೆ ತಿರುಗುತ್ತೆ” ಅನ್ನುತ್ತಾಳೆ.

ಅಣ್ಣ


ಏಪ್ರಿಲ್ 17

ಅಣ್ಣಾ,

ನಿನ್ನ ಕಾಗದ ಈಗ ತಾನೇ ಬಂತು. ದೋಣಿಯವರಿಗೆ ಎರಡು ಲೋಟ ಚಹಾ ಕೊಟ್ಟು ಕೂರಿಸಿ ಬರೆಯುತ್ತಿದ್ದೇನೆ, ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ ನೋಡಬೇಡ.

ನನ್ನಿಂದ ತಪ್ಪಾಯಿತು. ನಾನು ಬರೆದದ್ದು ಬಾತುಕೋಳಿಯ ಬಗ್ಗೆ. ಹುಟ್ಟಿದ ಕೂಡಲೇ ಕೆರೆಗೆ ಓಡಬೇಕಾದ ಪ್ರಾಣಿಗೆ ಯಾರ ಹಿಂದೆ ಓಡಬೇಕೆಂದು ಒಂದೇ ದಿನದಲ್ಲಿ ಗೊತ್ತಾಗಬೇಕು. ಮನುಷ್ಯರ ಮಗು ನಡೆಯುವುದಕ್ಕೇ ವರ್ಷ ಬೇಕು. ಅದಕ್ಕೆ ಯಾಕೆ ಅಷ್ಟು ಅವಸರ?

ಬಾತುಕೋಳಿಯ ಬಗ್ಗೆಯೂ ಪೂರ್ತಿ ನಿಜ ಬರೆಯಲಿಲ್ಲ. ಹದಿನೇಳನೆಯ ಮೊಟ್ಟೆ ಸತ್ತಿದೆ ಎಂದುಕೊಂಡು ನಾನು ಅದನ್ನು ಮೂಲೆಯ ಮುಚ್ಚಿದ ಕಾವುಪೆಟ್ಟಿಗೆಯಲ್ಲೇ ಬಿಟ್ಟು ಮರೆತೆ. ಅದು ಕತ್ತಲಲ್ಲಿ ಒಡೆದು, ಮರಿ ಒಂಟಿಯಾಗಿ ಇತ್ತು. ನಾನು ನೋಡಿದ್ದು ಮೂರನೆಯ ದಿನ. ಬೈಸಿಕೊಳ್ಳುವ ಹೆದರಿಕೆಗೆ ದಫ್ತರದಲ್ಲಿ ಅದು ಅಂದೇ ಹುಟ್ಟಿತು ಎಂದು ಬರೆದೆ. ನಿಯಮದ ಪ್ರಕಾರ ಅದು ಯಾರ ಹಿಂದೆಯೂ ಬರಬಾರದಿತ್ತು. ಈಗ ನನ್ನ ಬೂಟು ಬಿಟ್ಟು ಕದಲುವುದಿಲ್ಲ. ಯಾರನ್ನೂ ಕಾಣದೆ ಇದ್ದದ್ದಕ್ಕೆ ಅದರ ಬಾಗಿಲು ಮುಚ್ಚಿರಲೇ ಇಲ್ಲ, ಯಾರಾದರೂ ಬರಲಿ ಎಂದು ತೆರೆದುಕೊಂಡೇ ಇತ್ತು. ಇದನ್ನು ನಿನಗೆ ಮೊದಲೇ ಬರೆಯಬೇಕಿತ್ತು. ನನ್ನ ತಪ್ಪು ಮುಚ್ಚಿಕೊಳ್ಳಲು ಹೋಗಿ ನಿನ್ನನ್ನು ಹನ್ನೊಂದು ದಿನ ಮನೆ ಸುತ್ತಿಸಿದೆ.

ಇನ್ನೊಂದು ವಿಷಯ. ನೀನು ಮರೆತೇಬಿಟ್ಟಿದ್ದೀಯ ಎಂದು ಕಾಣುತ್ತದೆ. ನಿಮ್ಮ ಅಪ್ಪ ನನ್ನ ಅಮ್ಮನನ್ನು ಮದುವೆಯಾಗಿ ನಾನು ನಿಮ್ಮ ಮನೆಗೆ ಬಂದಾಗ ನನಗೆ ಏಳು ವರ್ಷ, ನಿನಗೆ ಹದಿನೈದು. ಐದು ತಿಂಗಳು ನಿನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ನೀನು ಕೊಟ್ಟ ಪೆನ್ಸಿಲ್ಲನ್ನು ಕಿಟಕಿಯಿಂದ ಆಚೆ ಎಸೆದಿದ್ದೆ. ನನ್ನ ಬಾಗಿಲು ಮುಚ್ಚಿತ್ತಾ?

ಸಹಿ ಹಾಕುವ ಮೊದಲು ಈ ಕಾಗದ ನಿನಗೆ ಸಿಗಬೇಕು. ದೋಣಿಯವರು ಎದ್ದರು.

ಗುಬ್ಬಿ


ಏಪ್ರಿಲ್ 28

ಗುಬ್ಬಿ,

ನಿನ್ನಿಂದ ಕಾಗದ ಬರಲಿಲ್ಲ. ಬೇಜಾರಾಗಿರಬೇಕು. ಆಗಲಿ.

ಶನಿವಾರ ಒಂದು ಬಸ್ಸು ದಾರಿಯಲ್ಲಿ ಬ್ರೇಕ್ ಹಿಡಿದುಕೊಂಡು ನಿಂತಿತು. ಗೊಂಚಲನ್ನು ರಾತ್ರಿ ಪಾಳಿಯವನಿಗೆ ಕೊಟ್ಟು ರಿಪೇರಿ ವ್ಯಾನಿನಲ್ಲಿ ಹೋದೆ. ವ್ಯಾನಿನವನು ನನ್ನನ್ನು ಹಿತ್ತಿಲ ಓಣಿಯಲ್ಲಿ ಇಳಿಸಿದ. ಹಿಂಬಾಗಿಲಿಂದ ಒಳಗೆ ಬಂದಾಗ ಎಂಟು ಗಂಟೆ. ಅಜ್ಜಮ್ಮ ಇನ್ನೂ ಮುಂದಿನ ಮೆಟ್ಟಿಲ ಮೇಲೇ ಕೂತಿದ್ದಳು. ನಿನ್ನ ಅತ್ತಿಗೆ ಎರಡು ಸಲ ಕರೆದರೂ ಒಳಗೆ ಬಂದಿರಲಿಲ್ಲವಂತೆ. ಹಿಂದಿನಿಂದ ಹೋಗಿ ಮೆಲ್ಲಗೆ ಭುಜ ಮುಟ್ಟಿದೆ.

ತಿರುಗಿ ನನ್ನ ಮುಖ ನೋಡಿದವಳೇ ಕಿರುಚಿದಳು. ಆ ಪುಟ್ಟ ಗಂಟಲಲ್ಲಿ ಅಷ್ಟು ದೊಡ್ಡ ಸದ್ದಿದೆ ಎಂದು ಗೊತ್ತಿರಲಿಲ್ಲ. ಜೋಡಿಸಿಟ್ಟ ಚಪ್ಪಲಿಗಳನ್ನೆಲ್ಲ ಎತ್ತಿ ನನ್ನ ಮೇಲೆ ಎಸೆದಳು. ಎತ್ತಿಕೊಳ್ಳಲು ಹೋದರೆ ಬಲಗೈ ಹೆಬ್ಬೆರಳ ಬುಡಕ್ಕೆ ಕಚ್ಚಿದಳು. ಆಮೇಲೆ ಒಂದು ಗಂಟೆ ಅಳು. ಒಂದು ಕೈಯಲ್ಲಿ ನನ್ನನ್ನು ಗುದ್ದುತ್ತಿದ್ದಳು, ಇನ್ನೊಂದು ಕೈಯಲ್ಲಿ ನನ್ನ ಪ್ಯಾಂಟು ಹಿಡಿದುಕೊಂಡಿದ್ದಳು. ಅದನ್ನು ಮಾತ್ರ ಬಿಡಲಿಲ್ಲ, ಗುದ್ದಲು ಅನುಕೂಲವಾಗಲಿ ಎಂದಿರಬೇಕು.

ಐದು ತಿಂಗಳಲ್ಲಿ ಆ ಮಗು ಅತ್ತದ್ದು ಇದೇ ಮೊದಲು. ಅದೂ ನನ್ನನ್ನು ನೋಡಿ. ಬೇರೆ ಯಾರ ಹತ್ತಿರವೂ ಇಷ್ಟು ಹೆದರಿದವಳಲ್ಲ. ನನಗೆ ಅರ್ಥವಾಯಿತು. ನಾಡಿದ್ದು ಮೇಡಂ ಬಂದಾಗ ಬಲಗಡೆಯ ಚೌಕದಲ್ಲಿ, ‘ಹಿಂದಿರುಗಿಸುತ್ತೇವೆ’ ಅನ್ನುವಲ್ಲಿ ಸಹಿ ಹಾಕುತ್ತೇನೆ. ಮಗು ಸುಖವಾಗಿರಲಿ. ಅದೇ ಸರಿ.

ಕೈ ನೋಯುತ್ತಿದೆ, ಇಷ್ಟೇ.

ಅಣ್ಣ


ಮೇ 8

ಅಣ್ಣಾ,

ದೋಣಿಯ ಎಂಜಿನ್ ಕೆಟ್ಟು ಎರಡು ಶುಕ್ರವಾರ ಟಪಾಲೇ ಇರಲಿಲ್ಲ. ನನ್ನ ಏಪ್ರಿಲ್ ಹದಿನೇಳರ ಕಾಗದ ದೋಣಿಯ ಜೊತೆ ದುರಸ್ತಿಯ ಶೆಡ್ಡಿನಲ್ಲಿ ಬಿದ್ದಿತ್ತಂತೆ. ನಿನ್ನದು ಇವತ್ತು ಬಂತು. ಇವತ್ತು ಎಂಟನೇ ತಾರೀಖು. ವೈರ್‌ಲೆಸ್ ಹತ್ತಿರ ಓಡಿದೆ, ಅರ್ಧ ದಾರಿಯಲ್ಲಿ ನಿಂತೆ. ಆಗಬೇಕಾದದ್ದು ಆಗಿ ಎಂಟು ದಿನವಾಗಿದೆ. ಆದರೂ ಬರೆಯುತ್ತೇನೆ, ಸುಮ್ಮನಿರಲು ಆಗುತ್ತಿಲ್ಲ.

ನಿನ್ನಂಥ ಪೆದ್ದನನ್ನು ನಾನು ಕಂಡಿಲ್ಲ. ಆ ಮಗು ಹೆದರಿದ್ದು ನಿನಗಲ್ಲ, ನೀನು ಬರುವುದಿಲ್ಲವೇನೋ ಎಂದು. ಒಂದೂವರೆ ಗಂಟೆ ಕಾದಳು. ಯಾರು ಬರದಿದ್ದರೂ ‘ಪರವಾಗಿಲ್ಲ’ ಎಂದು ಎದ್ದುಹೋಗುವವಳು ಅವಳು, ಅವತ್ತು ಏಳಲಿಲ್ಲ. ಪ್ಯಾಂಟು ಹಿಡಿದದ್ದು ಗುದ್ದಲು ಅನುಕೂಲಕ್ಕಂತೆ. ಅದನ್ನು ಓದಿ ನಾನು ಕಾವುಕೋಣೆಯಲ್ಲಿ ಕೂತು ಅತ್ತೆ. ಹದಿನೇಳೂ ಮರಿಗಳು ಬೂಟಿನ ಸುತ್ತ ನಿಂತು ನೋಡಿದವು.

ಆ ಇನ್ನೊಂದು ಮನೆಯವರು ಇನ್ನೂ ಕರೆದುಕೊಂಡು ಹೋಗಿಲ್ಲವಾದರೆ ಹೋಗಿ ಕೇಳು. ಕಾಲು ಹಿಡಿ ಬೇಕಾದರೆ. ನನ್ನ ಮೇಲೆ ಹಾಕು, ನನ್ನ ತಂಗಿ ತಪ್ಪು ಹೇಳಿಕೊಟ್ಟಳು ಎಂದು ಹೇಳು.

ಗುಬ್ಬಿ


ಮೇ 10

ಗುಬ್ಬಿ,

ಬರೆಯುವುದು ತಡವಾಯಿತು. ಆ ಪುಟ್ಟ ಹಲ್ಲು ಎಷ್ಟು ಆಳ ಇಳಿದಿತ್ತೆಂದರೆ ಹೋದ ಕಾಗದ ಹಾಕಿದ ಮರುದಿನದಿಂದ ಕೈ ಬಾತುಕೊಂಡು ಹತ್ತು ದಿನ ಪೆನ್ನೂ ಇಲ್ಲ, ಸ್ಪ್ಯಾನರೂ ಇಲ್ಲ. ನಿನ್ನ ಅತ್ತಿಗೆಯ ಕೈಲಿ ಬರೆಸೋಣವೆಂದರೆ, “ನಿಮ್ಮ ಪೆದ್ದುತನಾನ ನೀವೇ ಬರೀರಿ” ಅಂದಳು. ನಿನ್ನ ಏಪ್ರಿಲ್ ಹದಿನೇಳರ ಕಾಗದ ನಿನ್ನೆ ಬಂತು. ಅಂಚೆಲ್ಲ ಎಣ್ಣೆಮಯ.

ಗುರುವಾರ ಹತ್ತು ಗಂಟೆಗೆ ಮಕ್ಕಳ ಮನೆಯ ಮೇಡಂ ಬಂದರು. ರಾತ್ರಿಯೆಲ್ಲ ಹೇಳಿ ಹೇಳಿ ಅಭ್ಯಾಸ ಮಾಡಿಕೊಂಡಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದೆ. “ಮೇಡಂ, ಈ ಮಗುಗೆ ನನಗಿಂತ ಒಳ್ಳೆಯವರು ಸಿಗ್ತಾರೆ.” ಕಟ್ಟು ಹಾಕಿದ ಕೈ ತೋರಿಸಿ ಶನಿವಾರದ ಕಥೆಯನ್ನೂ ಹೇಳಿದೆ. ಅವರು ಅಜ್ಜಮ್ಮನನ್ನು ಕರೆದು ಎದುರಿಗೆ ಕೂರಿಸಿಕೊಂಡರು.

“ಇಲ್ಲಿ ಹೇಗಿದೆ ಪುಟ್ಟ?”

‘ಪರವಾಗಿಲ್ಲ’ ಎನ್ನುತ್ತಾಳೆ ಎಂದು ನಾನು ನೆಲ ನೋಡುತ್ತಾ ನಿಂತಿದ್ದೆ. ಅವಳು ಗಂಟಲು ಸರಿಮಾಡಿಕೊಂಡಳು.

“ಇವ್ರು ಆರೂವರೆಗೆ ಬರ್ಬೇಕು. ಶನಿವಾರ ಬರ್ಲಿಲ್ಲ. ಬೀಗದ ಕೈ ಸದ್ದೂ ಕೇಳ್ಲಿಲ್ಲ. ನಾನು ಕಿವಿ ಕೊಟ್ಕೊಂಡು ಕೂತಿದ್ದೆ. ಆಮೇಲೆ ಹಿಂದ್ಗಡೆಯಿಂದ ಬಂದ್ರು. ಹಿಂದ್ಗಡೆಯಿಂದ ಬರ್ಬಾರ್ದು. ಸಾರೀನೂ ಹೇಳ್ಲಿಲ್ಲ.”

ಇಷ್ಟು ಉದ್ದ ಮಾತನ್ನು ಅವಳ ಬಾಯಲ್ಲಿ ನಾವು ಕೇಳಿದ್ದೇ ಇಲ್ಲ. ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಎರಡು ವರ್ಷದವಳಿದ್ದಾಗಿಂದ ನೋಡ್ತಿದೀನಿ. ಯಾರ ಮೇಲೂ ಒಂದು ದೂರು ಹೇಳಿದವಳಲ್ಲ. ದೂರು ಹೇಳೋಕೆ ಇವಳಿಗೆ ಯಾರೂ ಇರ್ಲಿಲ್ಲ” ಅಂದರು. ಆಮೇಲೆ ಅವಳನ್ನೇ ಕೇಳಿದರು, “ಹಾಗಾದ್ರೆ ನನ್ನ ಜೊತೆ ಬಂದ್ಬಿಡ್ತೀಯಾ?”

ಆ ಮಗು ಯಾವುದಕ್ಕೂ ‘ಆಗಲ್ಲ’ ಎಂದದ್ದಿಲ್ಲ.

“ಆಗಲ್ಲ” ಎಂದಳು. “ಇವ್ರು ಸಂಜೆ ಬಂದಾಗ ಮೆಟ್ಲ ಮೇಲೆ ಯಾರಿರ್ತಾರೆ?”

ಗುಬ್ಬಿ, ನಾನು ಮನೆ ಸುತ್ತಿದ್ದು ನನ್ನ ಹಿಂದೆ ಬರಲಿ ಎಂದು. ಅವಳು ಮೆಟ್ಟಿಲ ಮೇಲೆ ಕೂತು ನೋಡಿದ್ದೇ ಬೇರೆ. ಸದ್ದು ಮೂಲೆಯಲ್ಲಿ ಮರೆಯಾಗುತ್ತದೆ, ಮತ್ತೆ ಈ ಕಡೆಯಿಂದ ಬರುತ್ತದೆ. ಮೂರು ಸುತ್ತಿಗೆ ಮೂರು ಸಲವೂ ಬರುತ್ತದೆ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಹಿಂದೆ ಬರಬೇಕಾದ ಅಗತ್ಯವೇ ಅವಳಿಗೆ ಕಾಣಲಿಲ್ಲ.

ಎಡಗಡೆಯ ಚೌಕದಲ್ಲಿ ಸಹಿ ಹಾಕಿದೆ. ಕಟ್ಟಿದ ಕೈಯಲ್ಲಿ ಸಹಿ ಯಾರದೋ ಹಾಗಿತ್ತು, ಮೇಡಂ ನಡೆಯುತ್ತದೆ ಅಂದರು. ಸಹಿ ಹಾಕಲು ಫಾರಂ ಬಿಡಿಸಿದಾಗಲೇ ನೋಡಿದೆ, ನಿನ್ನ ಅತ್ತಿಗೆಯ ಸಹಿ ಆ ಚೌಕದಲ್ಲಿ ಆಗಲೇ ಇತ್ತು, ಶಾಯಿ ಮಾಸಿತ್ತು. ಯಾವಾಗ ಹಾಕಿದೆ ಎಂದು ಕೇಳಿದೆ. “ಕರ್ಕೊಂಡು ಬಂದ ದಿನಾನೇ. ನೀವು ಕೇಳ್ಲಿಲ್ಲ” ಅಂದಳು. ಹೋದ ಜೀವ ಬಂದ ಹಾಗೆ ಆಯಿತು. ಮೇಡಂ ಹೋದ ಮೇಲೆ ನಾನು ಅಜ್ಜಮ್ಮನಿಗೆ ಸಾರಿ ಹೇಳಿದೆ. “ಪರವಾಗಿಲ್ಲ” ಎಂದಳು. ಆದರೆ ಈ ಸಲ ನನ್ನ ಕೈಕಟ್ಟು ಬಿಚ್ಚಿ ನೋಡಿ, ಇನ್ನೂ ಕೆಂಪಾಗಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ.

ಈಗ ಮನೆಯಲ್ಲಿ ರಗಳೆಯೋ ರಗಳೆ. ಹೊದಿಕೆ ಮಡಚುವುದಿಲ್ಲ. ಹಾಲಿನಲ್ಲಿ ಕೆನೆ ಬಂದರೆ ಅಳುತ್ತಾಳೆ. ನಿನ್ನೆ ತಟ್ಟೆ ತೊಳೆಯುವುದಿಲ್ಲ ಎಂದು ಮಂಚದ ಕೆಳಗೆ ಅವಿತುಕೊಂಡಳು. ನಾವಿಬ್ಬರೂ ಬಗ್ಗಿ ನೋಡುತ್ತಾ ಕೂತು ನಕ್ಕು ನಕ್ಕು ಸುಸ್ತಾದೆವು.

ನೀನು ಏಳು ವರ್ಷದವಳಾಗಿ ಬಂದದ್ದು ನನಗೆ ನಿಜವಾಗಿ ನೆನಪಿರಲಿಲ್ಲ. ನೀನು ಬರುವ ಮೊದಲಿನ ಮನೆ ಹೇಗಿತ್ತು ಎಂದು ಯೋಚಿಸಿದರೆ ಏನೂ ಹೊಳೆಯುವುದಿಲ್ಲ. ಪೆನ್ಸಿಲ್ಲು ಮಾತ್ರ ನೆನಪಿದೆ. ಹೊಸದು ಅದು.

ಅಣ್ಣ


ಮೇ 15

ಅಣ್ಣಾ,

ಟಪಾಲು ಚೀಲ ದಡಕ್ಕಿಳಿಯುವುದನ್ನು ಕಾಯದೆ ದೋಣಿಯ ಮೇಲೆಯೇ ಹತ್ತಿ ಕೂತು ನಿನ್ನ ಕಾಗದ ಓದಿದೆ. ಓದಿ ಮುಗಿಸಿ ದೋಣಿಯವರಿಗೆ ಕೈ ಮುಗಿದೆ. ಅವರು, “ನಾನೇನ್ ಮಾಡ್ದೆ ತಾಯಿ” ಎಂದು ಹೆದರಿಕೊಂಡರು. ಒಂದು ವಾರದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು. ಇವತ್ತು ಸರಿಯಾಗಿ ಊಟ ಮಾಡಿದೆ.

ಹದಿನೇಳನೆಯದರ ವಿಷಯ ದೊಡ್ಡ ಮೇಡಂಗೆ ಹೇಳಿಬಿಟ್ಟೆ. ಕೆಲಸ ಹೋಯಿತು ಎಂದೇ ಅಂದುಕೊಂಡಿದ್ದೆ. ಬೈದರು, ಚೆನ್ನಾಗಿಯೇ ಬೈದರು. ದಫ್ತರವನ್ನು ಅವರೆದುರೇ ಕೂತು ತಿದ್ದಿದೆ. ಆಮೇಲೆ ಮುಂದಿನ ವರ್ಷ ಹತ್ತು ಮೊಟ್ಟೆಗಳನ್ನು ಬೇಕೆಂದೇ ಕತ್ತಲಲ್ಲಿಟ್ಟು ನೋಡೋಣ, ನೀನೇ ನೋಡಿಕೋ ಅಂದರು.

ಈಗ ನಾನೂ ಒಂದು ವಿಷಯ ಹೇಳುತ್ತೇನೆ, ಇಷ್ಟು ವರ್ಷ ಹೇಳಿರಲಿಲ್ಲ. ಆ ಐದು ತಿಂಗಳು ನಿನ್ನ ಹತ್ತಿರ ಮಾತಾಡಲಿಲ್ಲ, ನಿಜ. ಆದರೆ ನೀನು ಸ್ಕೂಲಿನಿಂದ ಬರುವಾಗ ಬೀದಿಯ ತಿರುವಿನಲ್ಲಿ ಸೈಕಲ್ ಬೆಲ್ ಎರಡು ಸಲ ಬಾರಿಸುತ್ತಿದ್ದೆ, ನೆನಪಿದೆಯಾ? ನಾನು ಕಿಟಕಿಗೆ ಕಿವಿ ಒತ್ತಿಕೊಂಡು ಕೂತಿರುತ್ತಿದ್ದೆ. ಬೆಲ್ ಕೇಳಿಸಿದ ಮೇಲೆ ಓಡಿಹೋಗಿ, ಏನೂ ಗೊತ್ತಿಲ್ಲದವಳ ಹಾಗೆ ಪುಸ್ತಕ ಹಿಡಿದುಕೊಳ್ಳುತ್ತಿದ್ದೆ. ಈ ದ್ವೀಪದಲ್ಲಿ ಒಂದು ಸೈಕಲ್ಲೂ ಇಲ್ಲ. ಆದರೂ ಸಂಜೆ ಆ ಹೊತ್ತಿಗೆ ನಾನು ತಿರುಗಿ ನೋಡುತ್ತೇನೆ.

ಜೂನ್ ಆರಕ್ಕೆ ರಜೆ ಹಾಕಿ ಬರುತ್ತಿದ್ದೇನೆ. ಸಂಜೆ ಆರೂವರೆಗೆ, ಮುಂಬಾಗಿಲಿಂದ. ಅಜ್ಜಮ್ಮನಿಗೆ ಹೇಳಿಡು. ತಡವಾದರೆ ಕಚ್ಚಲಿ.

ನಿನ್ನ ಗುಬ್ಬಿ